ಓದು ಹತ್ತದ ಮಗು ದಡ್ಡನಲ್ಲ

ಡೊಂಬಿವಲಿ ಪೂರ್ವದಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದರ ಹುಡುಗ. ಆಗ ನಾಲ್ಕನೆಯ ಇಯತ್ತೆ, ಇಂಗ್ಲಿಷ್ ಮಾಧ್ಯಮ. ಅಜ್ಜಿಯ ಪಕ್ಕ ಕುಳಿತು ಕೇಳಿದ ಯಕ್ಷಗಾನದಿಂದ ಅಭಿಮನ್ಯು ಕಾಳಗದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಬಲ್ಲ. ಅಪ್ಪನ ಕ್ಯಾಂಟೀನಿನಲ್ಲಿ ಕುಳಿತರೆ ಎರಡು ಚಹಾ, ಒಂದು ಇಡ್ಲಿ, ಮೂರು ವಡಾಪಾವ್ ಎಂದು ಬಾಯಲ್ಲೇ ಲೆಕ್ಕ ಕೂಡಿಸಿ ಗಿರಾಕಿಗೆ ಚಿಲ್ಲರೆ ಕೊಡಬಲ್ಲ. ಆದರೆ ಶಾಲೆಯಲ್ಲಿ ಡಿಕ್ಟೇಶನ್ ಕೊಟ್ಟರೆ 20 ಶಬ್ದಗಳಲ್ಲಿ ಸರಿಯಾಗುವುದು ಮೂರು. ಪುಸ್ತಕದ ತುಂಬ ಕೆಂಪು ಶಾಯಿ. ಟೀಚರು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದ ಶಬ್ದ ಒಂದೇ: 'ಕೇರ್‌ಲೆಸ್'.

ಮನೆಯವರು ಮಾಡದ ಉಪಾಯವಿಲ್ಲ. ಒಂದು ಟ್ಯೂಷನ್ ಸಾಲದೆಂದು ಎರಡು ಮಾಡಿದರು. ಆಟ ನಿಲ್ಲಿಸಿದರು. ಟಿವಿ ಕೇಬಲ್ ತೆಗೆಸಿದರು. ಊರಿಗೆ ಹೋದಾಗ ಹರಕೆ ಹೊತ್ತರು. ಒಂದು ಶಬ್ದವನ್ನು ನೂರು ಸಲ ಬರೆಸಿದರು. ನೂರು ಸಲವೂ ತಪ್ಪಾಗಿಯೇ ಬರೆದ. ಆ ರಾತ್ರಿ ತಂದೆಯ ಕೈ ಮಗನ ಮೇಲೆ ಬಿತ್ತು.

ತಂದೆಯನ್ನು ದೂರುವುದು ಸುಲಭ. ಆದರೆ ಅವರ ಹಿನ್ನೆಲೆ ಮುಂಬಯಿಯ ಎಷ್ಟೋ ತುಳು-ಕನ್ನಡಿಗರ ಹಿನ್ನೆಲೆಯೇ. ಹದಿಮೂರರ ಹರೆಯದಲ್ಲಿ ಕಾರ್ಕಳದ ಕಡೆಯಿಂದ ಬಸ್ಸು ಹತ್ತಿ ಬಂದವರು. ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದು ಸಂಜೆ ರಾತ್ರಿಶಾಲೆಗೆ ಓಡಿದವರು. "ಬೀದಿ ದೀಪದಲ್ಲಿ ಓದಿದವರಿದ್ದಾರೆ, ನಿನಗೆ ಫ್ಯಾನಿದೆ, ಮೇಜಿದೆ, ಟ್ಯೂಷನ್ ಇದೆ, ಇನ್ನೇನು ಬೇಕು?" ಎಂಬುದು ಅವರ ಪ್ರಶ್ನೆ. ದುಡಿದರೆ ಆಗದ್ದಿಲ್ಲ ಎಂಬ ನಂಬಿಕೆಯ ಮೇಲೆ ಈ ನಗರದಲ್ಲಿ ಎರಡು ಮೂರು ತಲೆಮಾರು ಬದುಕು ಕಟ್ಟಿಕೊಂಡಿದೆ. ಆ ನಂಬಿಕೆ ತಪ್ಪಲ್ಲ. ಆದರೆ ದೃಷ್ಟಿ ಮಂಜಾದ ಮಗುವಿಗೆ "ಇನ್ನೂ ಗಟ್ಟಿ ಕಣ್ಣು ಬಿಟ್ಟು ನೋಡು" ಎಂದರೆ ಪ್ರಯೋಜನವಿಲ್ಲ, ಕನ್ನಡಕ ಬೇಕು. ಈ ಹುಡುಗನ ತೊಂದರೆಯೂ ಅಂಥದ್ದೇ.

ಇದು ಬುದ್ಧಿಯ ಕೊರತೆಯಲ್ಲ

ಅಕ್ಷರ ಮತ್ತು ಧ್ವನಿಯನ್ನು ಜೋಡಿಸುವಲ್ಲಿ ಮಿದುಳು ಬೇರೆ ರೀತಿಯಲ್ಲಿ ಕೆಲಸ ಮಾಡುವುದಕ್ಕೆ ಡಿಸ್ಲೆಕ್ಸಿಯಾ ಎಂದು ಹೆಸರು. ಬರವಣಿಗೆಯಲ್ಲಿ ಇಂಥ ತೊಡಕಿದ್ದರೆ ಡಿಸ್ಗ್ರಾಫಿಯಾ, ಲೆಕ್ಕದಲ್ಲಿದ್ದರೆ ಡಿಸ್ಕ್ಯಾಲ್ಕುಲಿಯಾ. ಮೂರನ್ನೂ ಒಟ್ಟಾಗಿ 'ನಿರ್ದಿಷ್ಟ ಕಲಿಕಾ ನ್ಯೂನತೆ' ಎನ್ನುತ್ತಾರೆ. ಒಂದು ಕಡೆ ನಿಂತು ಕೂರಲಾಗದೆ, ಗಮನ ಹಿಡಿದಿಡಲಾಗದೆ ಒದ್ದಾಡುವ ಸ್ಥಿತಿಗೆ ಎಡಿಎಚ್‌ಡಿ. ಮಾತು, ಬೆರೆಯುವಿಕೆ, ಶಬ್ದ-ಸ್ಪರ್ಶಗಳ ಅನುಭವ ಬೇರೆಯಾಗಿರುವುದಕ್ಕೆ ಆಟಿಸಂ. ಇವೆಲ್ಲವನ್ನೂ ಈಗ 'ನ್ಯೂರೋಡೈವರ್ಜೆಂಟ್' ಎಂಬ ಒಂದೇ ಮಾತಿನಡಿ ತರುತ್ತಾರೆ. ಅಂದರೆ ಮಿದುಳಿನ ದಾರಿ ಬೇರೆ ಎಂದಷ್ಟೇ ಅರ್ಥ.

ಇದು ಹೊಸ ಕಾಲದ ಫ್ಯಾಶನ್ ಕಾಯಿಲೆಯೂ ಅಲ್ಲ. 1896ರಲ್ಲಿಯೇ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 14 ವರ್ಷದ ಬುದ್ಧಿವಂತ ಬಾಲಕನೊಬ್ಬನ ಬಗ್ಗೆ ಬರೆದಿದ್ದರು. ಆ ಬಾಲಕ ಎಲ್ಲದರಲ್ಲೂ ಚುರುಕು, ಓದು ಮಾತ್ರ ಹತ್ತದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ, ಯಾವ ಭಾಷೆ-ಸಂಸ್ಕೃತಿಯವರಾದರೂ, ಶಾಲೆಗೆ ಹೋಗುವ ನೂರು ಮಕ್ಕಳಲ್ಲಿ 5ರಿಂದ 15 ಮಕ್ಕಳಿಗೆ ಕಲಿಕಾ ನ್ಯೂನತೆಯಿರುತ್ತದೆ. ಮುಂಬಯಿಯ 60 ಮಕ್ಕಳ ಒಂದು ವರ್ಗದಲ್ಲಿ ಕನಿಷ್ಠ ಮೂವರಾದರೂ ಇದ್ದಾರೆಂದಾಯಿತು. ಸಂಘದ ವಾರ್ಷಿಕೋತ್ಸವದಲ್ಲಿ ಇನ್ನೂರು ಮಕ್ಕಳು ಸೇರಿದರೆ ಹತ್ತು ಮಕ್ಕಳು.

2007ರ ಡಿಸೆಂಬರಿನಲ್ಲಿ ಆಮೀರ್ ಖಾನ್ ಅವರ 'ತಾರೇ ಜಮೀನ್ ಪರ್' ಬಂದಾಗ ಡಿಸ್ಲೆಕ್ಸಿಯಾ ಎಂಬ ಶಬ್ದ ಮನೆಮನೆಗೆ ತಲುಪಿತು. ಚಿತ್ರಮಂದಿರದಲ್ಲಿ ಕಣ್ಣೊರೆಸಿಕೊಂಡವರು ಬಹಳ. ಆದರೆ ಮನೆಗೆ ಬಂದು ಸ್ವಂತ ಮಗನ ನೋಟ್‌ಬುಕ್ ತೆರೆದಾಗ ಆ ಸಿನೆಮಾ ನೆನಪಾದವರು ಎಷ್ಟು ಮಂದಿ?

ಐದು ಭಾಷೆ, ಮೂರು ಲಿಪಿ

ಹೊರನಾಡಿನ ಕನ್ನಡ ಮಗುವಿನ ಹೊರೆ ಸ್ವಲ್ಪ ಹೆಚ್ಚೇ. ಮನೆಯಲ್ಲಿ ತುಳು ಅಥವಾ ಕನ್ನಡ. ಭಜನೆಯಲ್ಲಿ ಕನ್ನಡ. ಕಟ್ಟಡದ ಕೆಳಗೆ ಆಡುವಾಗ ಹಿಂದಿ. ಶಾಲೆಯ ಮಾಧ್ಯಮ ಇಂಗ್ಲಿಷ್. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಂತೆ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಮಾತನಾಡುವ ಮಟ್ಟಿಗೆ ಇದು ಭಾರವಲ್ಲ. ಮಕ್ಕಳ ಕಿವಿಗೆ ಐದು ಭಾಷೆ ಸುಲಭವಾಗಿ ಹಿಡಿಯುತ್ತದೆ. ತೊಡಕು ಬರುವುದು ಲಿಪಿಯಲ್ಲಿ.

ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬಿ ಮತ್ತು ಡಿ ಕನ್ನಡಿಯೊಳಗಿನ ಪ್ರತಿಬಿಂಬದಂತಿವೆ. ದೇವನಾಗರಿಯಲ್ಲಿ ಭ-ಮ, ಘ-ಧ ಒಂದರಂತೆ ಒಂದು ಕಾಣುತ್ತವೆ. ಕನ್ನಡದಲ್ಲಿ ದ-ಧ-ಥ, ಪ-ಷ. ಮಾತ್ರವಲ್ಲ, ಇಂಗ್ಲಿಷಿನಲ್ಲಿ ಬರೆಯುವುದು ಒಂದು, ಉಚ್ಚರಿಸುವುದು ಇನ್ನೊಂದು. ಕನ್ನಡ ಆ ಮಟ್ಟಿಗೆ ನ್ಯಾಯವಂತ ಭಾಷೆ, ಬರೆದಂತೆ ಓದಬಹುದು. ಆದ್ದರಿಂದ ಡಿಸ್ಲೆಕ್ಸಿಯಾ ಇರುವ ಮಗು ಕನ್ನಡ ಓದಿದರೆ ತಪ್ಪುಗಳಿಗಿಂತ ನಿಧಾನವೇ ಹೆಚ್ಚು ಕಾಣುತ್ತದೆ. ಒತ್ತಕ್ಷರದಲ್ಲಿ, ಗುಣಿತಾಕ್ಷರದಲ್ಲಿ ಎಡವುತ್ತದೆ. ಆದರೆ ಇಲ್ಲೊಂದು ಎಚ್ಚರ ಬೇಕು. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಕನ್ನಡದ ನೂರಾರು ಅಕ್ಷರರೂಪಗಳು ಸಾಮಾನ್ಯ ಮಕ್ಕಳ ಕೈವಶವಾಗಲೂ ಮೊದಲೆರಡು ವರ್ಷ ಸಾಲದು, ನಾಲ್ಕನೆಯ ತರಗತಿಯವರೆಗೂ ಕಲಿಕೆ ನಡೆಯುತ್ತಲೇ ಇರುತ್ತದೆ. ಹಾಗಾಗಿ ರವಿವಾರದ ಕನ್ನಡ ವರ್ಗಕ್ಕೆ ಬರುವ ಏಳು ವರ್ಷದ ಮಗು ಒತ್ತಕ್ಷರ ತಪ್ಪಿಸಿದ ಮಾತ್ರಕ್ಕೆ ಡಿಸ್ಲೆಕ್ಸಿಯಾ ಎಂದು ಹಣೆಪಟ್ಟಿ ಹಚ್ಚುವಂತಿಲ್ಲ. ಎಲ್ಲ ಲಿಪಿಗಳಲ್ಲೂ, ವರ್ಷಗಟ್ಟಲೆ, ಕಲಿಸಿದ ಮೇಲೂ ಮುಂದುವರಿಯುವ ತೊಡಕು ಮಾತ್ರ ಪರೀಕ್ಷೆಗೆ ಯೋಗ್ಯ.

ಸಯನ್ ಆಸ್ಪತ್ರೆಯ ಬಾಗಿಲಲ್ಲಿ

ಡೊಂಬಿವಲಿಯ ಹುಡುಗನ ದಾರಿ ತಿರುಗಿದ್ದು ಹೊಸದಾಗಿ ಬಂದ ಒಬ್ಬ ಟೀಚರಿನಿಂದ. ಆಕೆ ಇತಿಹಾಸದ ಪ್ರಶ್ನೆಗಳನ್ನು ಬರೆಯಿಸದೆ ಬಾಯಲ್ಲಿ ಕೇಳಿದರು. ಹುಡುಗ ಹತ್ತಕ್ಕೆ ಒಂಬತ್ತು ಉತ್ತರ ಕೊಟ್ಟ. ಅದೇ ಪ್ರಶ್ನೆಗಳಿಗೆ ಲಿಖಿತ ಪರೀಕ್ಷೆಯಲ್ಲಿ ಅವನಿಗೆ ಸಿಕ್ಕಿದ್ದು ಎರಡು ಅಂಕ. ಟೀಚರು ತಾಯಿಯನ್ನು ಕರೆಸಿ, ಶಾಲೆಯ ಪತ್ರ ಕೊಟ್ಟು, ಆಸ್ಪತ್ರೆಗೆ ಹೋಗಿ ಬನ್ನಿ ಎಂದರು.

ಮುಂಬಯಿಯಲ್ಲಿ ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆ, ನಾಯರ್, ಕೆಇಎಂನಂಥ ಪಾಲಿಕೆ ಆಸ್ಪತ್ರೆಗಳಲ್ಲಿ ಇದರ ತಪಾಸಣೆ ನಡೆಯುತ್ತದೆ. ಮೊದಲು ಕಣ್ಣು, ಕಿವಿ. ಅನಂತರ ಬುದ್ಧಿಮತ್ತೆಯ ಪರೀಕ್ಷೆ. ಕೊನೆಗೆ ಓದು, ಬರಹ, ಲೆಕ್ಕದ ಪರೀಕ್ಷೆ. ಒಂದೇ ದಿನದಲ್ಲಿ ಮುಗಿಯುವುದಿಲ್ಲ, ಹಲವು ಸರದಿ ಹೋಗಬೇಕಾಗುತ್ತದೆ. ಹೋಗುವಾಗ ಹಿಂದಿನ ವರ್ಷಗಳ ಪ್ರಗತಿಪತ್ರ ಮತ್ತು ತಪ್ಪುಗಳಿರುವ ನೋಟ್‌ಬುಕ್‌ಗಳನ್ನು ಒಯ್ಯಬೇಕು. ಎಷ್ಟೋ ತಾಯಂದಿರು ನಾಚಿಕೆಯಿಂದ ಚೆಂದದ ಪುಸ್ತಕಗಳನ್ನಷ್ಟೇ ತೆಗೆದುಕೊಂಡು ಹೋಗುತ್ತಾರೆ. ವೈದ್ಯರಿಗೆ ಬೇಕಾದದ್ದು ಕೆಂಪು ಶಾಯಿಯ ಪುಸ್ತಕ.

ಈ ಕುಟುಂಬದ ಸರದಿ ಬಂದಾಗ ವೈದ್ಯರು ಒಂದು ಪ್ರಶ್ನೆ ಕೇಳಿದರು: "ಮನೆಯಲ್ಲಿ ಇನ್ನಾರಿಗಾದರೂ ಓದು ಕಷ್ಟವಾಗಿತ್ತೇ?" ತಾಯಿ ಇಲ್ಲವೆಂದರು. ತಂದೆ ಸುಮ್ಮನಿದ್ದರು. ಸ್ವಲ್ಪ ಹೊತ್ತಿನ ಬಳಿಕ ಮೆಲ್ಲನೆ ಹೇಳಿದರು: ರಾತ್ರಿಶಾಲೆಯಲ್ಲಿ ಇಂಗ್ಲಿಷ್ ಎರಡು ಸಲ ನಪಾಸಾಗಿ ಬಿಟ್ಟದ್ದು, ದಣಿವಿನಿಂದ ಎಂದು ಇಷ್ಟು ವರ್ಷ ತಾನೂ ನಂಬಿದ್ದು, ಇಂದಿಗೂ ಬ್ಯಾಂಕಿನ ಫಾರ್ಮು, ಲೈಸೆನ್ಸಿನ ಅರ್ಜಿ ಎಲ್ಲವನ್ನೂ ಕ್ಯಾಂಟೀನಿನ ಕ್ಯಾಷಿಯರನಿಂದ ತುಂಬಿಸುವುದು. ಹೆಂಡತಿಗೂ ಅದುವರೆಗೆ ತಿಳಿದಿರಲಿಲ್ಲ. ಡಿಸ್ಲೆಕ್ಸಿಯಾ ವಂಶದಲ್ಲಿ ಹರಿದು ಬರುವುದು ಸಾಮಾನ್ಯವೆಂದು ವೈದ್ಯರು ಹೇಳಿದರು. ಆ ದಿನ ಲೋಕಲಿನಲ್ಲಿ ಮರಳುವಾಗ ತಂದೆ ಮಗನ ಕೈ ಹಿಡಿದೇ ಕುಳಿತಿದ್ದರಂತೆ.

ಕಾನೂನು ಕೊಟ್ಟ ಹಕ್ಕು

ಈ ವಿಷಯದಲ್ಲಿ ಮಹಾರಾಷ್ಟ್ರ ದೇಶಕ್ಕೆ ದಾರಿ ತೋರಿದ ರಾಜ್ಯ. 1996ರಿಂದಲೇ ಇಲ್ಲಿನ ಸರಕಾರ ಕಲಿಕಾ ನ್ಯೂನತೆಯಿರುವ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯಿತಿ ನೀಡತೊಡಗಿತು. ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಅಸೋಸಿಯೇಶನ್ ಹುಟ್ಟಿದ್ದೂ ಅದೇ ವರ್ಷ. 1999ರಲ್ಲಿ ಸಿಬಿಎಸ್‌ಇ ಮತ್ತು ಐಸಿಎಸ್‌ಇ ಮಂಡಳಿಗಳು ಇದೇ ಹಾದಿ ಹಿಡಿದವು.

1995ರ ವಿಕಲಚೇತನರ ಕಾಯ್ದೆಯ ಏಳು ವಿಧಗಳ ಪಟ್ಟಿಯಲ್ಲಿ ಕಲಿಕಾ ನ್ಯೂನತೆಯೂ ಇರಲಿಲ್ಲ, ಆಟಿಸಂ ಕೂಡ ಇರಲಿಲ್ಲ. 2016ರಲ್ಲಿ ಅಂಗೀಕಾರವಾಗಿ 2017ರ ಎಪ್ರಿಲ್‌ನಿಂದ ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ ಎರಡನ್ನೂ ಸೇರಿಸಿತು. ಮಕ್ಕಳಲ್ಲಿನ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮ ಅನುಸರಿಸುವುದು ಸರಕಾರದ ಮತ್ತು ಅದು ಮಾನ್ಯ ಮಾಡಿದ ಶಾಲೆಗಳ ಹೊಣೆಯೆಂದು ಅದರಲ್ಲಿ ಬರೆಯಲಾಗಿದೆ. ಶೇ. 40 ಅಥವಾ ಹೆಚ್ಚಿನ ನ್ಯೂನತೆಯಿರುವವರಿಗೆ ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಸೀಟುಗಳ ಮೀಸಲಾತಿಯೂ ಇದೆ. ಎಡಿಎಚ್‌ಡಿ ಮಾತ್ರ ಈ 21ರ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಆದರೆ ಎಡಿಎಚ್‌ಡಿ ಇರುವ ಹಲವು ಮಕ್ಕಳಿಗೆ ಜತೆಯಲ್ಲಿ ಕಲಿಕಾ ನ್ಯೂನತೆಯೂ ಇರುವುದರಿಂದ ಪೂರ್ಣ ತಪಾಸಣೆ ಮಾಡಿಸುವುದು ಲೇಸು.

ಪ್ರಮಾಣಪತ್ರದಿಂದ ಆಗುವ ಲಾಭ ಇಷ್ಟು. ಸಿಬಿಎಸ್‌ಇಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಉತ್ತರ ಬರೆಯಲು ಅಥವಾ ಪ್ರಶ್ನೆ ಓದಿ ಹೇಳಲು ಸಹಾಯಕರು. ಎರಡು ಭಾಷೆಗಳ ಬದಲು ಒಂದೇ ಭಾಷೆ ಓದುವ ಅವಕಾಶ. ರಾಜ್ಯದ ಎಸ್ಸೆಸ್ಸಿಯಲ್ಲಿ ಹೆಚ್ಚುವರಿ ಸಮಯ, ಕಾಗುಣಿತ ತಪ್ಪುಗಳ ಮನ್ನಾ, ಒಂದು ಭಾಷೆಯ ಬದಲು ಕಾರ್ಯಾನುಭವದ ವಿಷಯ, ಬೀಜಗಣಿತ-ರೇಖಾಗಣಿತದ ಬದಲು ಕೆಳ ತರಗತಿಯ ಅಂಕಗಣಿತ ಎಂಬಿತ್ಯಾದಿ ರಿಯಾಯಿತಿಗಳು ರೂಢಿಗೆ ಬಂದಿವೆ. ಮಂಡಳಿಯಿಂದ ಮಂಡಳಿಗೆ ನಿಯಮ ಬೇರೆ. ಆಯಾ ವರ್ಷದ ಸುತ್ತೋಲೆಯನ್ನು ಶಾಲೆಯಲ್ಲಿ ಕೇಳಿ ನೋಡಿಕೊಳ್ಳಬೇಕು. ಲೆಕ್ಕದ ವಿಷಯ ಬಿಡುವ ಮುನ್ನ ಮುಂದೆ ಕಾಮರ್ಸ್ ಅಥವಾ ಸಾಯನ್ಸ್ ಬೇಕಾದೀತೇ ಎಂದು ಯೋಚಿಸಬೇಕು. ಇಂದಿನ ಸುಲಭ ನಾಳೆ ಬಾಗಿಲು ಮುಚ್ಚಬಾರದು.

2018ರಲ್ಲಿ ಹೊರಬಂದ ಕೇಂದ್ರದ ಮಾರ್ಗಸೂಚಿ ಬೆಂಗಳೂರಿನ ನಿಮ್ಹಾನ್ಸ್ ಸಿದ್ಧಪಡಿಸಿದ ಪರೀಕ್ಷಾಮಾಲೆಯನ್ನೇ ಕಲಿಕಾ ನ್ಯೂನತೆಯ ತಪಾಸಣೆಗೆ ಗೊತ್ತುಮಾಡಿತು. ಪ್ರಮಾಣಪತ್ರವನ್ನು ಎಂಟು ವರ್ಷ ತುಂಬಿದ ಮೇಲೆ ಕೊಡುವುದು, 14 ಮತ್ತು 18ರಲ್ಲಿ ಮರುಪರೀಕ್ಷೆ ಮಾಡುವುದು ಎಂಬುದು ಅದರ ಕ್ರಮ. ಆದರೆ ಪ್ರಮಾಣಪತ್ರಕ್ಕೆ ಎಂಟು ವರ್ಷ ಕಾಯಬೇಕೆಂದು ಸಹಾಯಕ್ಕೂ ಕಾಯಬೇಕೆಂದಿಲ್ಲ. ಹತ್ತನೆಯ ಇಯತ್ತೆಯ ಡಿಸೆಂಬರಿನಲ್ಲಿ ಎಚ್ಚೆತ್ತು ಓಡುವವರೇ ಹೆಚ್ಚು. ಆಗ ಆಸ್ಪತ್ರೆಯ ಸರದಿಯೂ ಉದ್ದ, ಮಂಡಳಿಯ ಗಡುವೂ ಹತ್ತಿರ.

ಹಕ್ಕನ್ನು ಅಲ್ಲಗಳೆದರೆ ನ್ಯಾಯಾಲಯವೂ ಇದೆ. ಡಿಸ್ಗ್ರಾಫಿಯಾ ಇರುವ ವಿದ್ಯಾರ್ಥಿನಿಯೊಬ್ಬಳಿಗೆ ನೀಟ್ ಪರೀಕ್ಷೆಯಲ್ಲಿ ಒಂದು ಗಂಟೆಯ ಹೆಚ್ಚುವರಿ ಸಮಯ ಸಿಗದ ಪ್ರಕರಣ ಬಾಂಬೆ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಆಕೆಗೆ ಆದದ್ದು ಅನ್ಯಾಯವೆಂದು 2021ರ ನವೆಂಬರಿನಲ್ಲಿ ಕೋರ್ಟು ಹೇಳಿತು. ಹೆಚ್ಚುವರಿ ಸಮಯ ಯಾರೋ ತೋರಿಸುವ ದಯೆಯಲ್ಲ.

ಅಕ್ಕಿಯ ಮೇಲಿನ ಅಕ್ಷರ

ಪ್ರಮಾಣಪತ್ರ ಓದು ಕಲಿಸುವುದಿಲ್ಲ. ಅದಕ್ಕೆ ಮನೆಯಲ್ಲೇ ದುಡಿಯಬೇಕು. 1930ರ ದಶಕದಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಅನ್ನಾ ಗಿಲ್ಲಿಂಗ್‌ಹ್ಯಾಮ್ ರೂಪಿಸಿದ ಪದ್ಧತಿ ಇಂದಿಗೂ ವಿಶೇಷ ಶಿಕ್ಷಕರ ಪಾಠಕ್ಕೆ ಆಧಾರ. ಮಗು ಅಕ್ಷರವನ್ನು ಕಣ್ಣಿನಿಂದ ನೋಡಬೇಕು, ಬಾಯಿಯಿಂದ ಹೇಳಬೇಕು, ಕಿವಿಯಿಂದ ಕೇಳಬೇಕು, ಬೆರಳಿನಿಂದ ಮುಟ್ಟಿ ಬರೆಯಬೇಕು. ಮರಳು ತುಂಬಿದ ತಟ್ಟೆಯಲ್ಲಿ ಬೆರಳಾಡಿಸುವುದು ಅದರ ಒಂದು ಅಂಗ. ಕೇಳಿದ ಅಜ್ಜಿ ನಕ್ಕರಂತೆ. ವಿಜಯದಶಮಿಯ ದಿನ ಹರಿವಾಣದಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳು ಹಿಡಿದು 'ಶ್ರೀ' ಬರೆಸುವುದು ಊರಿನ ಪ್ರತಿ ಮನೆಗೂ ಗೊತ್ತು. ಒಂದು ದಿನದ ಆ ಶಾಸ್ತ್ರವನ್ನು ಆ ಮನೆಯಲ್ಲಿ ಎರಡು ವರ್ಷ ನಿತ್ಯ ನಡೆಸಿದರು. ಅಜ್ಜಿಯೇ ಗುರು. ಸಂಜೆ ಹದಿನೈದು ನಿಮಿಷ, ಅಕ್ಕಿಯ ಮೇಲೆ ದಿನಕ್ಕೆ ಒಂದೇ ಅಕ್ಷರ, ಕೂಗಿ ಹೇಳಿ ಬರೆಯುವುದು. ಮೊದಲು ಕನ್ನಡ, ಆಮೇಲೆ ಇಂಗ್ಲಿಷ್.

ಅನುಭವಿಗಳು ಹೇಳುವ ಇತರ ಸಂಗತಿಗಳೂ ಸರಳವೇ. ಒಂದು ಗಂಟೆಯ ಓದಿಗಿಂತ ಹದಿನೈದು ನಿಮಿಷದ ನಾಲ್ಕು ಸರದಿ ಮೇಲು. ಪಾಠವನ್ನು ದೊಡ್ಡವರು ಓದಿ ಹೇಳಿ, ಮಗು ಕೇಳಿ ಕಲಿಯಲಿ. ಓದಲು ಬಾರದೆಂದು ಜ್ಞಾನವೂ ನಿಲ್ಲಬಾರದು. ಪುಸ್ತಕದ ಸಾಲಿನ ಕೆಳಗೆ ಸ್ಕೇಲು ಇಟ್ಟರೆ ಕಣ್ಣು ತಪ್ಪುವುದಿಲ್ಲ. ಬೆಳಿಗ್ಗೆಯ ಗಡಿಬಿಡಿ ತಪ್ಪಿಸಲು ರಾತ್ರಿಯೇ ಚೀಲ ತುಂಬಿ, ಬಾಗಿಲಿಗೆ ಪಟ್ಟಿ ಅಂಟಿಸಿ. ಗಮನ ನಿಲ್ಲದ ಮಗುವಿಗೆ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. "ಕೈ ತೊಳೆ, ಬಟ್ಟೆ ಬದಲಿಸು, ಪುಸ್ತಕ ತೆಗೆ" ಎಂದು ಒಂದೇ ಉಸಿರಿಗೆ ಹೇಳಿದರೆ ಮೊದಲನೆಯದೂ ಆಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಣ್ಣನ ಅಥವಾ ಪಕ್ಕದ ಮನೆಯ ಮಗುವಿನ ಅಂಕಗಳನ್ನು ಊಟದ ತಟ್ಟೆಯ ಮುಂದೆ ತರಬಾರದು.

ಶಾಲೆಯೂ ಹೆಚ್ಚು ಖರ್ಚಿಲ್ಲದೆ ಬಹಳಷ್ಟು ಮಾಡಬಹುದು. ಮುಂದಿನ ಬೆಂಚು. ಹಲಗೆಯಿಂದ ನಕಲು ಮಾಡುವ ಬದಲು ಮುದ್ರಿತ ಹಾಳೆ. ಎಲ್ಲರೆದುರು ಎದ್ದು ನಿಂತು ಓದುವಂತೆ ಒತ್ತಾಯವಿಲ್ಲ. ಉತ್ತರದಲ್ಲಿ ವಿಷಯ ಸರಿಯಿದ್ದರೆ ಕಾಗುಣಿತಕ್ಕೆ ಅಂಕ ಕಡಿತವಿಲ್ಲ. ಕೂರಲಾಗದ ಮಗುವಿಗೆ ಪುಸ್ತಕ ಹಂಚುವ, ಹಲಗೆ ಒರೆಸುವ ಕೆಲಸ ಕೊಟ್ಟರೆ ಅದರ ಓಡಾಟಕ್ಕೂ ಒಂದು ಗೌರವ ಬರುತ್ತದೆ. ಪಾಲಕರು ಪ್ರತಿವರ್ಷ ಜೂನ್‌ನಲ್ಲೇ ಹೊಸ ವರ್ಗಶಿಕ್ಷಕರನ್ನು ಕಂಡು, ಪ್ರಮಾಣಪತ್ರದ ಪ್ರತಿಯೊಂದಿಗೆ ಒಂದು ಪುಟದ ಪತ್ರ ಕೊಟ್ಟು, ತಲುಪಿದ ಸಹಿ ಪಡೆಯುವುದು ಒಳ್ಳೆಯದು. ಬಾಯಿಮಾತು ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ, ಕಾಗದ ಉಳಿಯುತ್ತದೆ.

ಅಜ್ಜಿಯ ಮಾತು ನಿಂತ ಮನೆ

ಮೀರಾ ರೋಡಿನ ಇನ್ನೊಂದು ಮನೆಯ ಕಥೆ ಬೇರೆ. ಮೂರು ವರ್ಷವಾದರೂ ಮಾತು ಬಾರದ ಮೊಮ್ಮಗಳು. ಹೆಸರು ಕರೆದರೆ ತಿರುಗುವುದಿಲ್ಲ, ಫ್ಯಾನು ತಿರುಗುವುದನ್ನೇ ನೋಡುತ್ತಾಳೆ, ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿ ಚೀರುತ್ತಾಳೆ. ಆಟಿಸಂ ಎಂದಾಯಿತು. ಆಗ ಯಾರೋ ಸಲಹೆ ಕೊಟ್ಟರು: "ಮನೆಯಲ್ಲಿ ಒಂದೇ ಭಾಷೆಯಿರಲಿ, ಇಂಗ್ಲಿಷ್ ಮಾತ್ರ ಆಡಿ." ತಂದೆ ತಾಯಿ ಒಪ್ಪಿದರು. ಅಂದಿನಿಂದ ಇಂಗ್ಲಿಷ್ ಬಾರದ ಅಜ್ಜಿ ಮೊಮ್ಮಗಳೊಡನೆ ಮಾತನ್ನೇ ನಿಲ್ಲಿಸಿದರು. ಹಗಲು ಹತ್ತು ಗಂಟೆ ಮಗುವಿನ ಜೊತೆ ಇರುವವರು ಅವರೊಬ್ಬರೇ. ಮಾತು ಕಲಿಯಬೇಕಾದ ಮಗು ಮಾತಿಲ್ಲದ ಮನೆಯಲ್ಲಿ ಉಳಿಯಿತು.

ಈ ಸಲಹೆ ಹೊರನಾಡಿನ ಎಷ್ಟೋ ಮನೆಗಳಿಗೆ ಸಿಗುತ್ತದೆ. ಆದರೆ ಕೆನಡಾದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೂ, ಆ ಬಳಿಕದ ಹಲವು ಅಧ್ಯಯನಗಳೂ ಹೇಳುವುದು ಇದರ ವಿರುದ್ಧ. ಎರಡು ಭಾಷೆಯ ಮನೆಯಲ್ಲಿ ಬೆಳೆಯುವ ಆಟಿಸಂ ಮಕ್ಕಳ ಮಾತು, ಒಂದೇ ಭಾಷೆಯ ಮನೆಯ ಅಂಥ ಮಕ್ಕಳ ಮಾತಿಗಿಂತ ಹೆಚ್ಚು ತಡವಾಗುವುದಿಲ್ಲ. ಮಗುವಿಗೆ ಬೇಕಾದದ್ದು ಪ್ರೀತಿಯಿಂದ, ಸಹಜವಾಗಿ, ಸರಿಯಾಗಿ ಆಡುವ ಮಾತು. ತೊಡರುವ ಇಂಗ್ಲಿಷಿಗಿಂತ ಅಜ್ಜಿಯ ಸಲೀಸು ಕನ್ನಡ, ತುಳು, ಕೊಂಕಣಿ ಮೇಲು. ಕನ್ನಡದಲ್ಲೇ ತಪಾಸಣೆ, ವಾಕ್ ಚಿಕಿತ್ಸೆ ಬೇಕೆಂದವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಬೇಸಗೆ ರಜೆಯಲ್ಲಿ ಊರಿಗೆ ಹೋಗುವವರು ಮೊದಲೇ ವಿಚಾರಿಸಿ ಹೋಗಬಹುದು. ಮುಂಬಯಿಯಲ್ಲಿ ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆ, ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ, ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿ ಇರುವ ರಾಷ್ಟ್ರೀಯ ಸಂಸ್ಥೆಗಳು, ದೆಹಲಿಯ ಆಕ್ಷನ್ ಫಾರ್ ಆಟಿಸಂ ಆಯಾ ಊರಿನವರಿಗೆ ಹತ್ತಿರ.

ಅಜ್ಜಿ ಮತ್ತೆ ಮಾತಾಡತೊಡಗಿದರು. ಶಾಲೆಯ ವಿಶೇಷ ಶಿಕ್ಷಕಿ ದಿನಚರಿಯ ಚಿತ್ರಗಳನ್ನು ಗೋಡೆಗೆ ಅಂಟಿಸಲು ಹೇಳಿಕೊಟ್ಟರು: ಹಲ್ಲುಜ್ಜುವುದು, ಸ್ನಾನ, ತಿಂಡಿ, ಶಾಲೆ. ಮುಂದೇನು ಎಂದು ತಿಳಿದರೆ ಇಂಥ ಮಕ್ಕಳ ಅರ್ಧ ಭಯ ಹೋಗುತ್ತದೆ. ಮಗುವಿಗೆ ರೈಲೆಂದರೆ ಜೀವ. ಚರ್ಚ್‌ಗೇಟ್, ಮರೀನ್ ಲೈನ್ಸ್, ಚರ್ನಿ ರೋಡ್ ಎಂದು ಸ್ಟೇಶನ್ನುಗಳ ಹೆಸರಿನಿಂದಲೇ ಎಣಿಕೆ ಕಲಿಸಿದರು. ಈಗ ಏಳು ವರ್ಷ. ಪೂರ್ಣ ವಾಕ್ಯ ಆಡುವುದು ಕಡಿಮೆ. ಆದರೆ ಹಸಿವಾದಾಗ ಅಜ್ಜಿಯ ಸೆರಗು ಹಿಡಿದು "ಉಣ್ಕ" ಎನ್ನುತ್ತಾಳೆ.

ಇಂಥ ಮನೆಗಳಿಗೆ ಒಂದು ಎಚ್ಚರಿಕೆಯ ಮಾತು. ಆಟಿಸಂ ಗುಣಪಡಿಸುತ್ತೇವೆಂದು ಲಕ್ಷಗಟ್ಟಲೆ ಸುಲಿಯುವವರಿದ್ದಾರೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರ ಡಿಸೆಂಬರಿನಲ್ಲಿ ಶಿಫಾರಸು ಮಾಡಲಾಗದೆಂದು ತಿಳಿಸಿದೆ. ಸಾಲ ಮಾಡಿ ಅಂಥ ಬಾಗಿಲಿಗೆ ಹೋಗುವ ಮೊದಲು ಸರಕಾರಿ ಆಸ್ಪತ್ರೆಯ ಮಕ್ಕಳ ವೈದ್ಯರನ್ನು ಒಮ್ಮೆ ಕೇಳಬೇಕು.

ದುಡ್ಡಿನ ಲೆಕ್ಕ

ಚಿಕಿತ್ಸೆ ವರ್ಷಗಟ್ಟಲೆ ನಡೆಯುವಂಥದ್ದು, ಆದ್ದರಿಂದ ಇರುವ ಸೌಲಭ್ಯ ಬಿಡಬಾರದು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಮತ್ತು ಬಹುವಿಧ ನ್ಯೂನತೆ ಇರುವವರಿಗೆ 'ನಿರಾಮಯ' ಆರೋಗ್ಯ ವಿಮೆಯಿದೆ. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ಈ ವಿಮೆಯಲ್ಲಿ ಥೆರಪಿಯ ಖರ್ಚಿಗೂ ಪಾಲಿದೆ. ಕೇವಲ ಕಲಿಕಾ ನ್ಯೂನತೆ ಇರುವವರಿಗೆ ಇದು ಅನ್ವಯಿಸದು. ಹಳೆಯ ತೆರಿಗೆ ಪದ್ಧತಿ ಆಯ್ದುಕೊಂಡವರು ಆಟಿಸಂ ಮುಂತಾದ ನ್ಯೂನತೆಯಿರುವ ಅವಲಂಬಿತರ ಪಾಲನೆಗಾಗಿ 75,000 ರೂ., ತೀವ್ರ ನ್ಯೂನತೆಯಿದ್ದರೆ 1,25,000 ರೂ. ಆದಾಯದಿಂದ ಕಳೆಯಬಹುದು, ನಿಗದಿತ ವೈದ್ಯಕೀಯ ಪ್ರಮಾಣಪತ್ರ ಬೇಕು. ಎಲ್ಲಕ್ಕೂ ಮೊದಲು ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಬೇಕು.

ಹದಿನೆಂಟು ತುಂಬಿದ ದಿನ ಇನ್ನೊಂದು ಸಮಸ್ಯೆ ಎದುರಾಗುತ್ತದೆ. ಕಾನೂನಿನ ದೃಷ್ಟಿಯಲ್ಲಿ ಮಗು ವಯಸ್ಕ. ಅದುವರೆಗೆ ಮೈನರ್ ಖಾತೆಗೆ ಸಹಿ ಹಾಕುತ್ತಿದ್ದ ತಂದೆಯ ಸಹಿ ಬ್ಯಾಂಕಿನಲ್ಲಿ ನಡೆಯದು. ಸ್ವಂತ ವ್ಯವಹಾರ ನೋಡಿಕೊಳ್ಳಲಾರದ ಮಕ್ಕಳಿಗೆ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿ ಪೋಷಕತ್ವದ ಪ್ರಮಾಣಪತ್ರ ಕೊಡುತ್ತದೆ. ಅದರ ಆಧಾರದಲ್ಲಿ ಖಾತೆ ತೆರೆದು ನಡೆಸಲು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ತಿಳಿಸಿದೆ. ಕೌಂಟರಿನಲ್ಲಿ ಗೊತ್ತಿಲ್ಲವೆಂದರೆ ಮ್ಯಾನೇಜರರನ್ನು ಕಾಣಬೇಕು, ಹಿಂದಿರುಗಬಾರದು.

ಸಂಘಗಳ ಪಾಲು

ಪ್ರತಿವರ್ಷ ಜೂನ್-ಜುಲೈ ಬಂತೆಂದರೆ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರದ ಸಂಭ್ರಮ. ಶೇ. 90ರ ಮಗುವಿಗೆ ಶಾಲು, ಫಲಕ, ಫೋಟೋ. ಅದು ಬೇಕಾದದ್ದೇ. ಆದರೆ ಒಂದು ಪುಟ ಓದಲು ಇತರರ ಮೂರು ಪಟ್ಟು ಸಮಯ ತೆಗೆದುಕೊಂಡು ಶೇ. 52 ಪಡೆದ ಮಗುವಿನ ಸಾಧನೆ ಅದಕ್ಕಿಂತ ಕಡಿಮೆಯೇ? ಆ ಮಗುವಿನ ತಂದೆ ತಾಯಿ ಜುಲೈ ತಿಂಗಳಲ್ಲಿ ಸಂಘದ ಕಡೆ ಸುಳಿಯುವುದೇ ಇಲ್ಲ. "ನಿಮ್ಮ ಮಗನಿಗೆ ಎಷ್ಟು?" ಎಂಬ ಪ್ರಶ್ನೆಗೆ ಅಂಜುತ್ತಾರೆ.

ಸಂಘಗಳು ದೊಡ್ಡ ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳಿವೆ. ಮಹಿಳಾ ವಿಭಾಗದ ಒಂದು ಕಾರ್ಯಕ್ರಮಕ್ಕೆ ಮಕ್ಕಳ ತಜ್ಞರನ್ನೋ ವಿಶೇಷ ಶಿಕ್ಷಕರನ್ನೋ ಕರೆಯಬಹುದು. ಪರೀಕ್ಷೆಯಲ್ಲಿ ಬರೆದುಕೊಡಲು ಮಂಡಳಿಯ ನಿಯಮಕ್ಕೆ ಒಪ್ಪುವ ವಿದ್ಯಾರ್ಥಿಗಳ ಪಟ್ಟಿ ಸಿದ್ಧವಿಡಬಹುದು. ಸಹಾಯಕ ಸಿಗದೆ ಅಲೆಯುವವರೇ ಹೆಚ್ಚು. ಆಸ್ಪತ್ರೆಯ ಸರದಿಗೆ ಭಾಷೆ ಬಲ್ಲ ನಿವೃತ್ತರೊಬ್ಬರು ಜತೆಗೆ ಹೋಗಬಹುದು. ಕನ್ನಡ ವರ್ಗದಲ್ಲಿ ಬಾಯಿಪಾಠಕ್ಕೂ ಬರವಣಿಗೆಯಷ್ಟೇ ಬೆಲೆ ಕೊಡಬಹುದು. ಸಭಾಗೃಹದಲ್ಲಿ ಚೆಂಡೆ, ಮೈಕಿನ ಸದ್ದು ತಾಳದ ಮಗುವಿಗೆ ಪಕ್ಕದ ಒಂದು ಕೋಣೆ ತೆರೆದಿಡಬಹುದು. ಮಗು ಕಿವಿ ಮುಚ್ಚಿ ಅತ್ತರೆ "ಸರಿಯಾಗಿ ಬೆಳೆಸಿಲ್ಲ" ಎಂದು ಹಿಂದಿನ ಸಾಲಿನಿಂದ ಬರುವ ಮಾತು ಆ ತಾಯಿಯನ್ನು ವರ್ಷಗಟ್ಟಲೆ ಮನೆಯಲ್ಲೇ ಕೂರಿಸುತ್ತದೆ. ಆ ಮಾತೊಂದು ನಿಂತರೂ ಸಾಕು.

ಡೊಂಬಿವಲಿಯ ಹುಡುಗ ಈಗ ಒಂಬತ್ತನೆಯ ಇಯತ್ತೆ. ಓದು ಇಂದಿಗೂ ನಿಧಾನ, ಕಾಗುಣಿತ ತಪ್ಪುತ್ತದೆ. ಆದರೆ ಬೆಳಿಗ್ಗೆ ಹೊಟ್ಟೆನೋವೆಂದು ಅಳುವುದು ನಿಂತಿದೆ. ಹೆಚ್ಚುವರಿ ಸಮಯದ ಅರ್ಜಿಯನ್ನು ಶಾಲೆ ಕೊಟ್ಟಾಗ ತಂದೆ ಅದನ್ನು ಕ್ಯಾಷಿಯರನಿಗೆ ಕೊಡಲಿಲ್ಲ. ರಾತ್ರಿ ಕ್ಯಾಂಟೀನು ಮುಚ್ಚಿ ಬಂದು, ಊಟದ ಮೇಜಿನ ಮೇಲೆ ಹರಡಿ, ಒಂದೊಂದೇ ಅಕ್ಷರ ಕೂಡಿಸಿ ತಾನೇ ತುಂಬಿದರು. ಮುಕ್ಕಾಲು ಗಂಟೆ ಹಿಡಿಯಿತು. ಎರಡು ಕಡೆ ತಪ್ಪಾಯಿತು, ಮಗ ತೋರಿಸಿದ ಒಂದನ್ನು ತಿದ್ದಿದರು, ಇನ್ನೊಂದನ್ನು ಮರುದಿನ ಟೀಚರು ತಿದ್ದಿದರು.

ಇಂಥ ಮಕ್ಕಳು ಪ್ರತಿ ಸಂಘದ ಸದಸ್ಯರ ಮನೆಗಳಲ್ಲೂ ಇದ್ದಾರೆ. ಅವರನ್ನು ಅಡಗಿಸಿಡದೆ, ಹೊಡೆಯದೆ, ಸಕಾಲದಲ್ಲಿ ತಪಾಸಣೆ ಮಾಡಿಸಿ, ಅವರ ವೇಗಕ್ಕೆ ತಕ್ಕ ದಾರಿ ಮಾಡಿಕೊಡುವುದು ಪಾಲಕರ, ಶಾಲೆಯ, ಸಮಾಜದ ಕರ್ತವ್ಯ. ಊರು ಬಿಟ್ಟು ಬಂದವರಿಗೆ ಅಂದು ಯಾರೋ ಒಬ್ಬರು ರಾತ್ರಿಶಾಲೆಯ ಬಾಗಿಲು ತೆರೆದಿಟ್ಟಿದ್ದರು. ಇಂದು ಈ ಮಕ್ಕಳಿಗಾಗಿ ಬಾಗಿಲು ತೆರೆಯುವ ಸರದಿ ಅವರದು.